ಗೇಟಿನ ಮನೆಗೆ ಬಾರದ ಕರೆ

ಸ್ಮಶಾನದ ಗೇಟಿನ ಪಕ್ಕದ ಮನೆಯನ್ನು ಚರ್ಚಿನ ಹಿರಿಯರು ಫೋನಿನ ಸರಪಳಿಯಿಂದ ತೆಗೆದುಹಾಕಿದರು. ಆ ಮನೆಯ ಅಜ್ಜಿಗೆ ತಿಳಿಸಲಿಲ್ಲ. ಅಜ್ಜಿ ದಿನಾ ಸಂಜೆ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಕರೆ ಬರಲಿಲ್ಲ. ಒಂದು ಸಂಜೆ ಆ ಕುರ್ಚಿಯಲ್ಲೇ ತೀರಿಕೊಂಡರು.

ಮರುದಿನ, ಅಜ್ಜಿಗೆ ದಿನಾ ಕರೆ ಮಾಡುತ್ತಿದ್ದ ಹುಡುಗಿಯ ಫೋನ್ ಬಡಿದುಕೊಂಡಿತು.

"ನೀವೇನಾ, ಸಂಜೆ ಪ್ರಾರ್ಥನೆ ಓದ್ತಿದ್ದೋರು?"

ಗಂಡಸಿನ ದನಿ. ನಿದ್ದೆಗೆಟ್ಟು ಒರಟಾಗಿದ್ದ ದನಿ.

"ಹೌದು... ಯಾರು ಮಾತಾಡ್ತಿರೋದು?"

"ಗೇಟಿನ ಮನೆಯಿಂದ. ಅಮ್ಮನ ಫೋನಲ್ಲಿ ನಿಮ್ಮ ನಂಬರ್ ಇತ್ತು. ಅಮ್ಮ ಹೋದ್ಲು. ಇನ್ಮೇಲೆ ಫೋನ್ ಮಾಡೋದು ಬೇಡ ಅಂತ ಹೇಳೋಣ ಅಂತ... ಓ, ಮರೆತಿದ್ದೆ. ನೀವು ಆಗ್ಲೇ ನಿಲ್ಸಿದ್ರಲ್ಲ!"



"ಅಜ್ಜಿ ಆಸ್ಪತ್ರೆಗೆ ಸೇರಿದ್ದಾರೆ, ಆ ಮನೇಲಿ ಫೋನ್ ಎತ್ತೋರು ಇಲ್ಲ ಅಂತ ಹಿರಿಯರು ಅಂದ್ರು. ಅದಕ್ಕೆ..."

"ಆಸ್ಪತ್ರೆ ಮೆಟ್ಟಿಲೂ ಹತ್ತಿಲ್ಲ ನಮ್ಮಮ್ಮ. ಇಲ್ಲೇ ಇದ್ಲು. ಫೋನ್ ಕೆಟ್ಟಿದೆಯೇನೋ ನೋಡೋ, ನೋಡೋ ಅಂತ ನನ್ನ ಪ್ರಾಣ ತಿಂದ್ಲು. ನಾನೂ ಪೆದ್ದನ ಹಾಗೆ ನನ್ನ ಫೋನಿಂದ ಮಾಡಿ ತೋರಿಸ್ದೆ. ಬಡ್ಕೊಳ್ತು. ಚೆನ್ನಾಗೇ ಬಡ್ಕೊಳ್ತು... ಆಮೇಲೆ ಅವಳು ಏನೂ ಕೇಳ್ಲಿಲ್ಲ."

"ಕ್ಷಮಿಸಿ... ನನಗೆ ನಿಜವಾಗ್ಲೂ..."

ಅವನು ಫೋನ್ ಇಟ್ಟಿದ್ದ.

ರೋಗ ಬಂದು ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದ ಕಾಲ ಅದು. ಚರ್ಚಿನ ಬಾಗಿಲೂ ಮುಚ್ಚಿತ್ತು. ಪಾದ್ರಿಗಳೇ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದರು. ಸಭೆಯ, ಅಂದರೆ ಚರ್ಚಿಗೆ ಬರುವವರೆಲ್ಲರ, ಭಾರ ಹಿರಿಯರ ಹೆಗಲಿಗೆ ಬಿತ್ತು. ಹಿರಿಯರೆಂದರೆ ಅವಳ ದೊಡ್ಡಪ್ಪ. ತಾಯಿ ತಂದೆ ಇಲ್ಲದ ಅವಳನ್ನು ಸಾಕಿದವರು.

ದೊಡ್ಡಪ್ಪ ಸರಪಳಿ ಕಟ್ಟಿದರು. ದಿನಾ ಸಂಜೆ ಅವರು ಒಬ್ಬರಿಗೆ ಫೋನ್ ಮಾಡಿ ಬೈಬಲಿನ ಒಂದು ವಾಕ್ಯ ಓದಿ, ಯಾರಿಗೆ ಹುಷಾರಿಲ್ಲ, ಯಾರಿಗೆ ಏನು ಬೇಕು ಅಂತ ಹೇಳುತ್ತಿದ್ದರು. ಕೇಳಿದವರು ಅದನ್ನೇ ಮುಂದಿನ ಮನೆಗೆ ಹೇಳಬೇಕು. ಅವರು ಅದರ ಮುಂದಿನ ಮನೆಗೆ. ಕೊನೆಯ ಮನೆಯವರು ದೊಡ್ಡಪ್ಪನಿಗೆ ವಾಪಸ್ ಮಾಡಿದರೆ ಆ ದಿನದ ಸರಪಳಿ ಮುಗಿದ ಹಾಗೆ. ಯಾರಾದರೂ ಎತ್ತದಿದ್ದರೆ ಅವರನ್ನು ಬಿಟ್ಟು ಮುಂದಿನವರಿಗೆ ಹೋಗಬೇಕು. ಅದೇ ನಿಯಮ.

ದಾರಿಯಲ್ಲಿ ಸುದ್ದಿಗೆ ಕೈಕಾಲು ಮೂಡುತ್ತಿದ್ದುದೂ ಉಂಟು. ಬೇಕರಿಯವರಿಗೆ ಸಣ್ಣ ಕೆಮ್ಮು ಎಂದು ಹೊರಟ ಮಾತು ಕೊನೆಗೆ ಬೇಕರಿಯವರ ಮನೆಗೇ ತಲುಪುವಾಗ, ಬೇಕರಿಯವರು ಸಾಯುವ ಸ್ಥಿತಿಯಲ್ಲಿದ್ದಾರೆ ಎಂದಾಗಿತ್ತು. "ನಾನೇ ಕಣಮ್ಮಾ ಬೇಕರಿಯವನು! ಒಲೆ ಮುಂದೆ ನಿಂತು ಬೆವರ್ತಿದ್ದೀನಿ!" ಅಂದಿದ್ದರಂತೆ ಆ ಮಹಾಶಯ.

ಅವಳು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು. ಅಂಗಡಿ ಮುಚ್ಚಿದ ಮೇಲೆ ಅವಳ ದಿನದಲ್ಲಿ ಉಳಿದಿದ್ದು ಸಂಜೆಯ ಆ ಒಂದು ಕರೆ. ಅವಳ ಮುಂದಿನ ಕೊಂಡಿ ಗೇಟಿನಜ್ಜಿ. ಚರ್ಚಿನ ನೆಲ ಗುಡಿಸಿ, ಎಲ್ಲರೂ ಕೂತ ಮೇಲೆ ಕಡೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ ಅಜ್ಜಿ. ಚರ್ಚಿನೊಳಗೆ ಬರುವುದನ್ನೇ ಎಂದೋ ಬಿಟ್ಟಿದ್ದ ಮಗ ಸಮಾಧಿ ಅಗೆಯುವವನು. ಅವನ ಅಪ್ಪನೂ ಅದೇ, ತಾತನೂ ಅದೇ. ಚರ್ಚಿನಲ್ಲಿ ಅವರಿಗೆ ಕೈಕುಲುಕುವವರು ಕಡಿಮೆ. ಎಲ್ಲರನ್ನೂ ಕೊನೆಗೆ ಎತ್ತಿ ಮಲಗಿಸುವ ಕೈ ಅದು, ಆದರೂ!

'ದೊಡ್ಡಪ್ಪನಿಗೆ ಯಾರೋ ತಪ್ಪು ಹೇಳಿರಬೇಕು...' ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಊಟದ ಮೇಜಿನ ಬಳಿ ಕೇಳಿಯೂ ಬಿಟ್ಟಳು.

"ಗೇಟಿನಜ್ಜಿ ಮನೇಲೇ ಇದ್ರಂತೆ ದೊಡ್ಡಪ್ಪ. ತೀರಿಕೊಂಡ್ರಂತೆ."

"ಹೌದಾ? ಪಾಪ." ಅವರು ತಲೆ ಎತ್ತಲಿಲ್ಲ. "ಈಗ ದರ್ಜಿ ಮನೆಗೆ ಮಾಡ್ತಿದ್ದೀಯಲ್ಲ, ಹಾಗೇ ಮಾಡ್ತಾ ಹೋಗು."

"ಅವರ ಮಗ ಇದ್ದಾರಲ್ಲ? ಅವರಿಗೆ?"

"ಅವನು ಹೊತ್ತು ಮೂಡಿದರೆ ಹೆಣಗಳ ನಡುವೆ ಇರೋನು."

"ಫೋನಲ್ಲಿ ರೋಗ ಅಂಟುತ್ತಾ?"

ದೊಡ್ಡಮ್ಮ ಅಡುಗೆಮನೆಯಿಂದ ಇಣುಕಿದರು. ದೊಡ್ಡಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಈಚೆಗೆ ನಿನ್ನ ನಾಲಿಗೆ ಉದ್ದ ಆಗ್ತಿದೆ."

ಆ ಸಂಜೆ ಅವಳು ದರ್ಜಿಗೆ ಕರೆ ಮಾಡಿ ಮುಗಿಸಿ, ತಾರಸಿಗೆ ಹೋಗಿ, ಗೇಟಿನ ಮನೆಯ ನಂಬರ್ ಒತ್ತಿದಳು. 

"ಸಮಾಧಾನ ನಿಮಗಿರಲಿ," ಅಂದಳು. ಸರಪಳಿಯ ಮೊದಲ ಮಾತು ಅದು.

"...ಬೇಡ ಅಂದಿದ್ದೆ."

"ಕೇಳಿಸ್ತು. ಆದ್ರೂ ಮಾಡಿದೆ."

"ನನಗೆ ವಾಕ್ಯ ಗೀಕ್ಯ ಓದೋದು ಬೇಡ."

"ಓದಲ್ಲ. ನೀವು ಬೈರಿ. ಬೈಸಿಕೊಳ್ಳೋಕೇ ಮಾಡಿದ್ದೀನಿ."

ಅವನು ನಿಜವಾಗಿಯೂ ಬೈದ! ಸಭೆಯನ್ನು, ಹಿರಿಯರನ್ನು, ಬೆಂಚುಗಳನ್ನು, ಅವಳನ್ನು. ಅವಳು ಗೋಡೆಗೊರಗಿ ಕೂತು ಎಲ್ಲ ಕೇಳಿಸಿಕೊಂಡಳು. ಬೈಗುಳ ಮುಗಿದ ಮೇಲೆ ಅವನ ಉಸಿರಾಟ ಕೇಳಿಸಿತು, ಆಮೇಲೆ ಅಳು.

"ನಾಳೆನೂ ಮಾಡ್ಲಾ?" ಮೆಲ್ಲಗೆ ಕೇಳಿದಳು.

"ಬೈಗುಳ ಖಾಲಿಯಾಯ್ತಲ್ಲ."

"ಅಷ್ಟರೊಳಗೆ ಹೊಸದು ಹುಡುಕಿಟ್ಟುಕೊಳ್ಳಿ."

ಅವನು ಮೂಗೊರೆಸಿಕೊಂಡು ನಕ್ಕ ಸದ್ದು... ಆ ಸದ್ದನ್ನು ಅವಳು ಮೆಟ್ಟಿಲಿಳಿಯುವ ತನಕ, ಹಾಸಿಗೆಗೆ ಬರುವ ತನಕ ಜೊತೆಗೇ ತಂದಳು.

ಹಾಗೆ ಶುರುವಾಯಿತು. ದಿನಾ ಸಂಜೆ, ತಾರಸಿಯಲ್ಲಿ, ಒಣಗಿದ ಬಟ್ಟೆಗಳ ಮರೆಯಲ್ಲಿ.

ಅವನು ತನ್ನ ಕೆಲಸದ ಬಗ್ಗೆ ಹೇಳುತ್ತಿದ್ದ. ಸತ್ತವರ ಮನೆಯವರು ಬರುವ ಹಾಗಿಲ್ಲ. ಆಸ್ಪತ್ರೆಯ ಗಾಡಿಯಿಂದ ಇಳಿಸಿಕೊಳ್ಳುವುದು ಅವನೇ, ಮಲಗಿಸುವುದೂ ಅವನೇ. ಬದುಕಿರುವವರಿಗೆ ಕರೆ ಮಾಡಿ, ಅಗೆದ ಮಣ್ಣಿನ ಗುಡ್ಡೆಯ ಮೇಲೆ ಫೋನ್ ಇಟ್ಟುಬಿಡುತ್ತಾನಂತೆ. ಅವರು ಅಲ್ಲಿಂದಲೇ ಅಳಲಿ, ಪ್ರಾರ್ಥಿಸಲಿ, ಏನಾದರೂ ಹೇಳಿಕೊಳ್ಳಲಿ ಅಂತ.

"ಮೊದಲು ಮಣ್ಣನ್ನ ಕೈಯಲ್ಲೇ ಹಾಕ್ತೀನಿ, ನಿಧಾನಕ್ಕೆ," ಅಂದ ಒಂದು ದಿನ. "ಸಲಿಕೆಯಿಂದ ಹಾಕಿದ್ರೆ ಧಡ್ ಅನ್ನುತ್ತೆ. ಆ ಕಡೆ ಮಕ್ಕಳೂ ಕೇಳಿಸಿಕೊಳ್ತಿರ್ತಾರೆ ನೋಡಿ."

ಅವಳಿಗೆ 'ಇವನ ಕೈ ಹೇಗಿರಬಹುದು?' ಅನ್ನಿಸಿತು. ಅನ್ನಿಸಿದ್ದಕ್ಕೆ ತಾನೇ ನಾಚಿಕೊಂಡಳು. ಊರೆಲ್ಲ ಸಾಯುತ್ತಿರುವಾಗ ಇದೇನು ಹುಚ್ಚು ತನಗೆ!

ಕರೆ ಮುಗಿಸುವ ಮೊದಲು ಅವಳು ಪ್ರತಿದಿನ ಒಂದು ಮಾತು ಸೇರಿಸುತ್ತಿದ್ದಳು.

"ಹಾಡಿನಮ್ಮನಿಗೋಸ್ಕರ ಪ್ರಾರ್ಥನೆ ಮಾಡೋಣ, ಬೇಗ ಹುಷಾರಾಗ್ಲಿ ಅಂತ."

ಹಾಡಿನಮ್ಮ ಎಂದರೆ ಚರ್ಚಿನ ಗಾಯನ ಗುಂಪಿಗೆ ಕಲಿಸುವವರು. ಒಂಟಿ ಜೀವ. ಅಮ್ಮ ಸತ್ತಾಗ ಮಾತೇ ಬಿಟ್ಟಿದ್ದ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಾತು ಬೇಡ, ಬರೀ ರಾಗ ಎಳಿ ಅಂತ ಹೇಳಿ ಬಾಯಿ ಬಿಡಿಸಿದವರು. ಅವರು ಆಸ್ಪತ್ರೆಗೆ ಸೇರಿ ಬಹಳ ದಿನಗಳಾಗಿದ್ದವು. ಚೇತರಿಸಿಕೊಳ್ಳುತ್ತಿದ್ದಾರೆ ಅಂತ ದೊಡ್ಡಪ್ಪ ಸರಪಳಿಯಲ್ಲಿ ಹೇಳುತ್ತಲೇ ಇದ್ದರು.

ಅವಳು ಆ ಹೆಸರೆತ್ತಿದಾಗಲೆಲ್ಲ ಅವನು ಸುಮ್ಮನಾಗುತ್ತಿದ್ದ. 'ದೇವರ ಮೇಲೆ ಇನ್ನೂ ಕೋಪ ಇರಬೇಕು,' ಅಂದುಕೊಳ್ಳುತ್ತಿದ್ದಳು.

ಆಸ್ಪತ್ರೆಗೆ ಸೇರುವ ದಿನ ಹಾಡಿನಮ್ಮನ ಕನ್ನಡಕ ಬಿದ್ದು ಒಡೆದಿತ್ತು. ಅವಳು ಮಾಲೀಕರ ಕೈಕಾಲು ಹಿಡಿದು ಅಂಗಡಿ ತೆಗೆಸಿ, ಅರ್ಧ ಶಟರ್ ಎತ್ತಿ ಒಳಗೆ ಕೂತು, ಹೊಸ ಗಾಜು ಉಜ್ಜಿದಳು. ಬೆಳಕಿಗೆ ಹಿಡಿದು ನೋಡಿ ಮತ್ತೆ ಉಜ್ಜಿದಳು.

"ನಿಮ್ಮ ಹತ್ರ ದಿನಾ ಆಸ್ಪತ್ರೆ ಗಾಡಿ ಬರುತ್ತಲ್ಲ," ಅಂದಳು ಆ ಸಂಜೆ, ಸಂಭ್ರಮ ತಡೆಯಲಾರದೆ. "ಹಾಡಿನಮ್ಮನಿಗೆ ಕನ್ನಡಕ ಮಾಡಿದ್ದೀನಿ. ಆ ಗಾಡಿಯವರ ಕೈಲಿ ಕಳಿಸ್ತೀರಾ? ಕಣ್ಣು ಕಾಣದೆ ನರ್ಸಮ್ಮಂದಿರನ್ನೆಲ್ಲ ಡಾಕ್ಟ್ರೇ ಅಂತ ಕರೀತಾ ಇರ್ತಾರೆ ಅವರು!"



"ಹಲೋ? ಇದ್ದೀರಾ?" ಮತ್ತೆ ಕೇಳಿದಳು.

"ನಾಳೆ ಬೆಳಿಗ್ಗೆ ಗೇಟಿನ ಹತ್ರ ಬನ್ನಿ," ಅಂದ.

ಅವಳು ಹೋದಳು. ಕನ್ನಡಿಯ ಮುಂದೆ ಎರಡು ಸಲ ಜಡೆ ಬಿಚ್ಚಿ ಹೆಣೆದುಕೊಂಡು ಹೋದಳು, ಹುಚ್ಚು ಹುಡುಗಿ!

ಗೇಟಿನ ಸರಳುಗಳ ಆಚೆ ಅವನು ನಿಂತಿದ್ದ. ಮೊಣಕಾಲಿನವರೆಗೆ ರಬ್ಬರ್ ಬೂಟು, ಅರ್ಧ ಮುಖ ಮುಚ್ಚಿದ ಬಟ್ಟೆ. ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣುಗಳಿಗೆ ದಣಿವೆಂದರೆ ದಣಿವು.

"ಇಷ್ಟು ಚಿಕ್ಕವರಾ ನೀವು?" ಅಂದ. "ದನಿ ಕೇಳಿ ತಾಳೆಮರದಷ್ಟು ಉದ್ದ ಇದ್ದೀರಿ ಅಂದ್ಕೊಂಡಿದ್ದೆ."

ಅವಳು ನಗುತ್ತ ಕನ್ನಡಕದ ಡಬ್ಬಿಯನ್ನು ಸರಳುಗಳ ನಡುವೆ ತೂರಿಸಿದಳು. ಅವನು ಕೈ ಚಾಚಲಿಲ್ಲ.

"ಅವರಿಗೆ ಕನ್ನಡಕ ಬೇಡ."

"ಯಾಕೆ? ಮನೆಗೆ ಕಳಿಸಿಬಿಟ್ರಾ? ಹುಷಾರಾದ್ರಾ?"

ಅವಳ ಮುಖದಲ್ಲಿ ಅರಳಿದ ಆಸೆಯನ್ನು ನೋಡಲಾರದೆ ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅವನ ಹಿಂದೆ ಹೊಸ ಮಣ್ಣಿನ ದಿಬ್ಬಗಳು ಸಾಲಾಗಿ ಮಲಗಿದ್ದವು.

"ಗೋಡೆ ಪಕ್ಕ. ನೆರಳಿರೋ ಕಡೆ ಮಲಗಿಸಿದ್ದೀನಿ."

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಸರಳು ಹಿಡಿದುಕೊಳ್ಳಬೇಕಾಯಿತು.

"ಯಾವಾಗ?"

"ನಮ್ಮಮ್ಮ ಹೋಗೋಕೂ ಮುಂಚೆ."

"ಅಂದ್ರೆ... ನಾನು ದಿನಾ ಪ್ರಾರ್ಥನೆ ಅಂದಾಗ... ನಿಮಗೆ ಗೊತ್ತಿತ್ತು?"

"ಗೊತ್ತಿತ್ತು."

"ಗೊತ್ತಿದ್ದೂ ಕೇಳಿಸಿಕೊಂಡು ಕೂತಿದ್ರಾ? ನಗು ಬರ್ತಿತ್ತಾ ನಿಮಗೆ? ಸತ್ತೋರಿಗೆ ಹುಷಾರಾಗ್ಲಿ ಅಂತಿದ್ದಾಳೆ, ಪೆದ್ದಿ ಅಂತ?"

"ಹಾಗನ್ನಬೇಡಿ! ನೀವು ಅವರ ಹೆಸರು ಹೇಳುವಾಗ ನಿಮ್ಮ ದನಿ ಒಂಥರಾ..." ಅವನು ನಿಲ್ಲಿಸಿದ. "ಹೇಳೋಕೆ ಬಾಯಿ ಬರಲಿಲ್ಲ ನನಗೆ."

"ಇನ್ಮೇಲೆ ಫೋನ್ ಮಾಡೋದು ಬೇಡ," ಅಂದಳು.

ಅವಳು ತಿರುಗಿ ನಡೆದಳು. ಅವನು ಕೂಗಲಿಲ್ಲ. ಕೂಗಿದ್ದರೆ ನಿಲ್ಲುತ್ತಿದ್ದಳೋ ಏನೋ...

ಆ ವಾರ ಅವಳು ತಾರಸಿಗೆ ಹೋಗಲಿಲ್ಲ. ದರ್ಜಿಗೆ ಕರೆ ಮಾಡುವಳು, ಒಪ್ಪಿಸುವಳು, ಇಡುವಳು. ಹಾಡಿನಮ್ಮ ಚೇತರಿಸಿಕೊಳ್ಳುತ್ತಿದ್ದಾರೆ ಎಂಬ ಸಾಲು ಬಂದಾಗ ಅದನ್ನು ನುಂಗಿಬಿಡುವಳು. 'ಪಾಪ, ದೊಡ್ಡಪ್ಪನಿಗೆ ಗೊತ್ತಿಲ್ಲ. ಗೊತ್ತಾದರೆ ಕುಸಿದುಬಿಡುತ್ತಾರೆ. ಹೇಗೆ ಹೇಳಲಿ?'

ಶನಿವಾರ ಹೇಳಿದಳು. ಮರುದಿನದ ಆರಾಧನೆಗೆ ಅವರು ಪ್ರಾರ್ಥನೆ ಬರೆಯುತ್ತ ಕೂತಿದ್ದರು.

"ದೊಡ್ಡಪ್ಪ... ಹಾಡಿನಮ್ಮ ಇಲ್ಲ."

ಅವರ ಪೆನ್ನು ನಿಂತಿತು. ಆದರೆ ಮುಖದಲ್ಲಿ ಬೆಚ್ಚಿದ ಲಕ್ಷಣವಿರಲಿಲ್ಲ. ಸಿಟ್ಟಿತ್ತು.

"ಯಾರು ಹೇಳಿದ್ದು? ಅವನಾ? ಬಾಯಿ ಬಿಟ್ರೆ ಚರ್ಚಿನ ಮನೆ ಖಾಲಿ ಮಾಡಿಸ್ತೀನಿ ಅಂದಿದ್ದೆ!"



"ನಿಮಗೆ... ಗೊತ್ತಿತ್ತಾ?"

"ಆಸ್ಪತ್ರೆಯವರು ನನಗೇ ಮೊದಲು ತಿಳಿಸಿದ್ದು. ಅವರಿಗೆ ಬೇರೆ ಯಾರಿದ್ರು?" ದನಿ ತಗ್ಗಿಸಿದರು. "ನೋಡು ಮಗಳೇ, ವಯಸ್ಸಾದೋರು ಒಬ್ಬೊಬ್ಬರೇ ಕೋಣೆಯೊಳಗೆ ಕೂತಿದ್ದಾರೆ. ದಿನಾ ಒಂದು ಸಾವು ಕೇಳಿಸಿದ್ರೆ ಧೈರ್ಯ ಬಿಡ್ತಾರೆ. ಧೈರ್ಯ ಬಿಟ್ರೆ ಸಭೆನೇ ಉಳಿಯಲ್ಲ. ಆ ಮುದುಕಿಗೆ ಇದು ಅರ್ಥವಾಗ್ಲಿಲ್ಲ. ಹಾಡಿನಮ್ಮ ಹೋದ್ರು ಅಂತ ದರ್ಜಿಗೆ ಹೇಳಿಬಿಟ್ಟಳು. ಅವನು ಹೆದರಿ ನನ್ನ ಕೇಳ್ದ. ಇಲ್ಲ, ಅದು ಮುದುಕಿಯ ಅರಳುಮರಳು ಅಂತ ಸಮಾಧಾನ ಮಾಡಿ, ಆ ಮನೇನ ಸರಪಳಿಯಿಂದ ತೆಗೆದೆ. ಸಭೆಗೋಸ್ಕರ ಮಾಡಿದ್ದು ನಾನು."

"ಗೇಟಿನಜ್ಜಿ ಸಭೆ ಅಲ್ವಾ?"

ಆ ಪ್ರಶ್ನೆ ದೊಡ್ಡಪ್ಪನಿಗೆ ಪ್ರಶ್ನೆಯಂತೆಯೇ ಕೇಳಿಸಿರಲಿಲ್ಲ. ಕಡೆಯ ಬೆಂಚಿನಲ್ಲಿ ಕೂರುವವರೂ ಅವರ ಲೆಕ್ಕದಲ್ಲಿ ಬರೀ ಪೀಠೋಪಕರಣ. ಸಾವನ್ನು ಬಚ್ಚಿಡಲು ಹೊರಟವರು, ಸತ್ತವರನ್ನು ಹೊರುವವನ ಮನೆಯನ್ನೇ ಬಚ್ಚಿಟ್ಟಿದ್ದರು.

"ನಾಳೆ ಆರಾಧನೆ ಮುಗೀಲಿ," ಅಂದರು ಪೆನ್ನು ಮತ್ತೆ ಎತ್ತಿಕೊಂಡು. "ಸಂಜೆಯೊಳಗೆ ಅವನು ಆ ಮನೆ ಬಿಡಬೇಕು. ಬೇರೆ ಆಳು ನೋಡ್ತೀನಿ."

ಅವಳು ಮೆಟ್ಟಿಲು ಹತ್ತಿ ಓಡಿದಳು. ಈಗ ಎಲ್ಲ ತಿಳಿಯಿತು. ಬಾಯಿ ಬಿಟ್ಟರೆ ಮನೆ ಹೋಗುತ್ತದೆ ಎಂದು ಗೊತ್ತಿತ್ತು ಅವನಿಗೆ. ತಾಯಿ ಕಣ್ಣು ಮುಚ್ಚಿದ ಮನೆ. ಆದರೂ ಒಂದು ಕನ್ನಡಕದ ಡಬ್ಬಿ ಹಿಡಿದು ಬಂದವಳ ಮುಂದೆ ಸುಳ್ಳು ಹೇಳಲಿಲ್ಲ. ಅಂಥವನನ್ನು ಅವಳು ಏನೆಂದು ಕೇಳಿದಳು? ನಗು ಬರ್ತಿತ್ತಾ ಅಂತ!

ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

ಕೊನೆಗೆ ಒಂದು ಮೆಸೇಜ್ ಕಳಿಸಿದಳು. *ನಾಳೆ ಆರಾಧನೆಯ ನಂಬರಿಗೆ ಬನ್ನಿ. ನೀವು ಬಂದ್ರೂ ಬರದಿದ್ರೂ ನಾನು ಹೇಳೋಳೇ. ಆದ್ರೆ ಅವರನ್ನ ಮಲಗಿಸಿದ್ದು ನೀವು.*

ಉತ್ತರ ಬರಲಿಲ್ಲ.

ಭಾನುವಾರದ ಆರಾಧನೆಗೆ ಎಲ್ಲರೂ ಒಂದೇ ನಂಬರಿಗೆ ಕರೆ ಮಾಡಿ ಸೇರುತ್ತಿದ್ದರು. ಅದನ್ನು ನಡೆಸುವುದು ಅವಳ ಕೆಲಸ. ದೊಡ್ಡಪ್ಪನಿಗೆ ಆ ಗುಂಡಿಗಳು ತಲೆಗೆ ಹತ್ತುತ್ತಿರಲಿಲ್ಲ. ಯಾರ ದನಿ ಮುಚ್ಚಬೇಕು, ಯಾರದನ್ನು ತೆರೆಯಬೇಕು, ಯಾರನ್ನು ಸಾಲಿನಿಂದ ಕತ್ತರಿಸಬೇಕು, ಎಲ್ಲ ಅವಳ ಹೆಬ್ಬೆರಳ ಕೆಳಗೆ.

ಮೇಜಿನ ಆಚೆ ದೊಡ್ಡಪ್ಪ, ಈಚೆ ಅವಳು, ನಡುವೆ ಫೋನು. ಪರದೆಯ ಮೇಲೆ ಒಬ್ಬೊಬ್ಬರ ನಂಬರೂ ಬಂದು ಕೂರುತ್ತಿತ್ತು. ಕೀರ್ತನೆ ಮುಗಿಯಿತು. ಅವನು ಬರಲಿಲ್ಲ. ವಾಕ್ಯ ಓದಿದ್ದೂ ಮುಗಿಯಿತು. ಬರಲಿಲ್ಲ...

"ಈಗ, ಚೇತರಿಸಿಕೊಳ್ಳುತ್ತಿರುವ ನಮ್ಮ ಹಾಡಿನಮ್ಮನಿಗಾಗಿ ತಲೆಬಾಗೋಣ," ಅಂದರು ದೊಡ್ಡಪ್ಪ.

ಪರದೆಯ ತುದಿಯಲ್ಲಿ ಒಂದು ನಂಬರ್ ಮೂಡಿತು. ಗೇಟಿನಜ್ಜಿಯ ನಂಬರ್.

ಅವಳು ಎಲ್ಲರ ದನಿಯನ್ನೂ ತೆರೆದಳು. ಕೋಣೆಯೊಳಗೆ ಇಡೀ ಸಭೆ ನುಗ್ಗಿ ಬಂತು. ಯಾರದೋ ಕೆಮ್ಮು, ಯಾರದೋ ಮನೆಯ ನಲ್ಲಿ, ಯಾರದೋ ಮಗುವಿನ ರಗಳೆ.

"ಹೇಳಿ," ಅಂದಳು. "ಎಲ್ಲರೂ ಇದ್ದಾರೆ."

"ನಾನು... ಗೇಟಿನವನು," ಅಂದ ಅವನು. "ಹಾಡಿನಮ್ಮ ಇಲ್ಲ. ನಾನೇ ಮಲಗಿಸ್ದೆ. ಯಾರೂ ಇರ್ಲಿಲ್ಲ ಅಂತ ನಾನೇ ಒಂದು ಹಾಡು ಹೇಳ್ದೆ. ಚಿಕ್ಕಂದಿನಲ್ಲಿ ನನ್ನ ದನಿ ಕೇಳಿ ಗಾಯನ ಗುಂಪಿನಿಂದ ಓಡಿಸಿದ್ದೇ ಅವರು. ಅವತ್ತು ಪಾಪ, ಓಡ್ಸೋಕೆ ಆಗ್ಲಿಲ್ಲ. ಪೂರ್ತಿ ಕೇಳಿಸಿಕೊಂಡ್ರು."

ಯಾರೋ ಬಿಕ್ಕಿದರು. ಅವನು ನಿಲ್ಲಿಸಲಿಲ್ಲ. ಸಭೆಯವರಲ್ಲಿ ತಾನು ಮಲಗಿಸಿದ್ದ ಇನ್ನುಳಿದವರ ಹೆಸರುಗಳನ್ನೂ ಒಂದೊಂದಾಗಿ ಹೇಳಿದ. ಕೊನೆಯ ಹೆಸರು ಅವನ ಅಮ್ಮನದು. 

"ಅವನ ಲೈನ್ ಕತ್ತರಿಸು," ಅಂದರು ದೊಡ್ಡಪ್ಪ, ಹಲ್ಲು ಕಚ್ಚಿ.

"ಗೇಟಿನಜ್ಜಿ ನನಗೆ ನಿಜಾನೇ ಹೇಳಿದ್ರು..." ದರ್ಜಿಯ ದನಿ. "ನಾನೇ ಹೋಗಿ ಹಿರಿಯರಿಗೆ ಹೇಳ್ಬಿಟ್ಟೆ. ಅಯ್ಯೋ ದೇವರೇ..."

"ಗೇಟಿನಪ್ಪಾ," ನಡುಗುವ ದನಿಯೊಂದು ಕೇಳಿತು, ಯಾರೋ ವಯಸ್ಸಾದವರು. "ನನ್ನ ತಂಗಿ ಹೆಸರು ಹೇಳ್ದೆಯಲ್ಲ. ಅವಳನ್ನ ಎಲ್ಲಿ ಮಲಗಿಸಿದ್ದೀಯ?"

"ಹಾಡಿನಮ್ಮನ ಪಕ್ಕದಲ್ಲೇ. ಬಾಗಿಲು ತೆಗೆದ ದಿನ ನಾನೇ ಕೈಹಿಡಿದು ಕರ್ಕೊಂಡು ಹೋಗಿ..." ಅವನು ತಡೆದ. "ಇಲ್ಲ. ಆಗ ನಾನಿರಲ್ಲ ಇಲ್ಲಿ. ಸಂಜೆಯೊಳಗೆ ಮನೆ ಬಿಡ್ಬೇಕು ಅಂತ ಹಿರಿಯರು ಹೇಳಿಕಳಿಸಿದ್ದಾರೆ. ಹೇಳಬೇಕಾದ್ದು ಹೇಳಿ ಆಯ್ತು. ನೀವು ಕತ್ತರಿಸಿ, ಪರವಾಗಿಲ್ಲ."

ಕೊನೆಯ ಮಾತು ಅವಳಿಗೆ ಹೇಳಿದ್ದು.

"ಎಲ್ಲಿಗೆ ಹೋಗ್ತೀರಿ?"

"ಗೊತ್ತಿಲ್ಲ."

"ನನ್ನ ಬಿಟ್ಟು?"

ನಲ್ಲಿ ನಿಂತಿತು. ಮಗುವೂ ಸುಮ್ಮನಾಯಿತು.

"ಮಗಳೇ," ಬೇಕರಿಯವರು ಮೆಲ್ಲಗೆ ಕೆಮ್ಮಿದರು. "ನಮಗೆಲ್ಲ ಕೇಳಿಸ್ತಾ ಇದೆ."

"ಕೇಳಿಸ್ಲಿ!" ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. "ಅವತ್ತು ಗೇಟಿನ ಹತ್ರ ನಾನು ಬಾಯಿಗೆ ಬಂದ ಹಾಗೆ ಅಂದೆ. ಆಮೇಲೆ ಈ ವಾರವೆಲ್ಲ... ಮನೆ ತುಂಬ ಜನ ಇದ್ರೂ ನಾನೊಬ್ಬಳೇ ಇದ್ದೆ. ನನಗೆ ನೀವು ಬೇಕು. ಎಲ್ಲಿಗೆ ಹೋದ್ರೂ ನಾನೂ ಬರ್ತೀನಿ."



"ನನ್ನ ಕೈ ನೋಡಿಲ್ಲ ನೀವು," ಅಂದ ಅವನು. "ಎಷ್ಟು ತೊಳೆದ್ರೂ ಉಗುರಿನ ಸಂದಿಯ ಮಣ್ಣು ಹೋಗಲ್ಲ."

"ತೊಳೀಬೇಡಿ. ಹಾಗೇ ಕೊಡಿ."

"...ಹುಚ್ಚಿ."

"ಹ್ಞೂಂ."

ದೊಡ್ಡಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು. ಮುಖ ಕೆಂಪಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಈ ಮನೆಯ ಅನ್ನ ತಿಂದವಳು ನೀನು. ಕೊನೇ ಸಲ ಹೇಳ್ತಿದ್ದೀನಿ. ಅವನ ಲೈನ್ ಕತ್ತರಿಸು!"

ಅವಳು ತಲೆ ಎತ್ತಿ ಅವರನ್ನೇ ನೋಡಿದಳು.

"ಇಲ್ಲ ದೊಡ್ಡಪ್ಪ," ಅಂದಳು. "ಕತ್ತರಿಸಲ್ಲ."